ಉಪವಾಸದ ಉಪ್ಪು

ನಮ್ಮ ಮನೆಯಲ್ಲಿ ಉಪ್ಪನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಹಾಗೆ ಕೊಟ್ಟರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳ ಬರುತ್ತದೆ ಅಂತ ನಂಬಿಕೆ. ಕೊಡುವವರು ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಇಂಥದ್ದನ್ನೆಲ್ಲ ನಂಬುವುದಿಲ್ಲ ಅಂತ ಮಕ್ಕಳ ಮುಂದೆ ಎದೆ ಉಬ್ಬಿಸಿ ಹೇಳುತ್ತೇನೆ. ಮನೆಗೆ ಬಂದು ಊಟಕ್ಕೆ ಕೂತರೆ ಮಾತ್ರ ಉಪ್ಪಿನ ಬಟ್ಟಲನ್ನು ನೆಲಕ್ಕಿಟ್ಟು ಆ ಕಡೆ ಸರಿಸುತ್ತೇನೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಈ ಬದನೆಕಾಯಿ ಒಂದು ಸಲ ನನ್ನ ಅಕ್ಕನ ಜೀವಕ್ಕೇ ಬಂತು.

ಅಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ನಮ್ಮ ಅವ್ವ ತೀರಿಕೊಂಡಾಗ ನಾನಿನ್ನೂ ನಾಲ್ಕು ವರ್ಷದವನು. ಅಕ್ಕನಿಗೆ ಆಗತಾನೇ ಮದುವೆಯಾಗಿತ್ತು. ಗಂಡನ ಮನೆಗೆ ಹೋಗುವಾಗ ಪಾತ್ರೆಪಗಡದ ಜೊತೆ ನನ್ನನ್ನೂ ಕಟ್ಟಿಕೊಂಡು ಹೋದಳು. ಭಾವನವರದು ಕುಳಗೇರಿ ಕ್ರಾಸಿನಲ್ಲಿ ಒಂದು ಖಾನಾವಳಿ. ಹುಬ್ಬಳ್ಳಿ, ಸೊಲ್ಲಾಪುರದ ಲಾರಿಗಳೆಲ್ಲ ಅಲ್ಲಿ ನಿಲ್ಲುತ್ತಿದ್ದವು. ಬಿಸಿ ರೊಟ್ಟಿ, ಎಣ್ಣೆಗಾಯಿ, ಜುಣಕ, ಶೇಂಗಾ ಚಟ್ನಿ. ನಾನು ಜೋಳದ ಚೀಲದ ಮೇಲೆ ಕೂತು ಬರೆಯುತ್ತ, ಓದುತ್ತ ದೊಡ್ಡವನಾದೆ.

ಅಕ್ಕ ಅಡುಗೆ ಮಾಡುವಾಗ ಎಂದೂ ರುಚಿ ನೋಡುತ್ತಿರಲಿಲ್ಲ. ಮೂರು ಬೆರಳಿನಲ್ಲಿ ಉಪ್ಪು ಎತ್ತಿ ಪಾತ್ರೆಯ ಮೇಲೆ ಕೈ ತಿರುವುವಳು, ಅಷ್ಟೇ. ನಾಲ್ಕು ಮಂದಿಗೆ ಮಾಡಿದರೂ ನಲವತ್ತು ಮಂದಿಗೆ ಮಾಡಿದರೂ ಹದ ತಪ್ಪುತ್ತಿರಲಿಲ್ಲ. ಲಾರಿ ಡ್ರೈವರುಗಳು "ಅಕ್ಕಾರ ಕೈಯಾಗ ತಕ್ಕಡಿ ಐತ್ರಿ" ಅನ್ನುತ್ತಿದ್ದರು. ಈ ಒಂದು ಮಾತಿಗೆ ಅವಳು ಇಡೀ ದಿನ ಹಿಗ್ಗುತ್ತಿದ್ದಳು. ಭಾವನವರು ತೀರಿಹೋದ ಮೇಲೆ ಖಾನಾವಳಿ ಮುಚ್ಚಿ ಇಳಕಲ್ಲಿಗೆ, ನಮ್ಮ ಮನೆಗೆ ಬಂದಳು. ಬಂದ ಮರುದಿನವೇ ಅಡುಗೆಮನೆ ಅವಳದಾಯಿತು. ನನ್ನ ಹೆಂಡತಿ ಅಂಗನವಾಡಿಗೆ ಹೋಗುವವಳು. ಅವಳಿಗೂ ಅದು ಅನುಕೂಲವೇ ಆಯಿತು.

ಮೂರು ವರ್ಷದ ಹಿಂದೆ ಅಕ್ಕನ ಕಾಲು ಬಾತುಕೊಂಡವು. ಮೆಟ್ಟಿಲು ಹತ್ತಿದರೆ ಉಸಿರು ಸಾಲದು. ಬಾಗಲಕೋಟೆಯ ಒಂದು ದವಾಖಾನೆಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರು ಬಾದಾಮಿ ಕಡೆಯ ಹೆಣ್ಣುಮಗಳು, ಸಮಾಧಾನದಿಂದ ಮಾತನಾಡುವವರು. ಹೃದಯದ ಬಲ ಕುಗ್ಗಿದೆ, ಅದು ರಕ್ತವನ್ನು ಪೂರ್ತಿ ನೂಕಲಾರದೆ ನೀರು ಮೈಯಲ್ಲಿ ನಿಲ್ಲುತ್ತಿದೆ ಅಂದರು. ಗುಳಿಗೆ ಬರೆದುಕೊಟ್ಟು ಎರಡು ಮಾತು ಹೇಳಿದರು. ಕುಡಿಯುವ ನೀರನ್ನು ಅಳೆದು ಕುಡಿಯಬೇಕು. ಉಪ್ಪನ್ನು ಆದಷ್ಟು ಬಿಡಬೇಕು.

ನಾನು ಅರ್ಧ ಕೆಲಸ ಮಾಡುವ ಆಸಾಮಿಯಲ್ಲ. ಅಂದೇ ಉಪ್ಪಿನ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದೆ. ಉಪ್ಪಿನಕಾಯಿ ಭರಣಿ ಪಕ್ಕದ ಮನೆಗೆ ಹೋಯಿತು. ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ ಎಲ್ಲ ಮನೆ ಬಿಟ್ಟವು. ನಾವೂ ಸಪ್ಪೆ ಊಟವನ್ನೇ ಮಾಡಬೇಕೆಂದು ಕಾಯ್ದೆ ಮಾಡಿದೆ. ಒಂದು ಸಲ ನೆಂಟರು ಊಟಕ್ಕೆ ಬಂದಾಗ ಅವರಿಗೆಂದು ತಂದಿದ್ದ ಚಟ್ನಿಯನ್ನು ಅಕ್ಕ ಚಿಟಿಕೆಯಷ್ಟು ಹಾಕಿಕೊಂಡಿದ್ದಳು. ಎಲ್ಲರ ಎದುರಿಗೇ ಅವಳ ತಾಟಿನಿಂದ ಅದನ್ನು ಬಳಿದು ತೆಗೆದೆ. ನನ್ನನ್ನು ಉಣ್ಣಿಸಿ ಬೆಳೆಸಿದ ಕೈ ತಾಟಿನ ಮೇಲೆ ಹಾಗೇ ನಿಂತಿತು. ಈಗ ನೆನೆಸಿಕೊಂಡರೆ ಮೈಯೆಲ್ಲ ನಾಚಿಕೆಯಾಗುತ್ತದೆ. ಆಗ ನಾಚಿಕೆ ಆಗಲಿಲ್ಲ. ಅವಳ ಜೀವ ಉಳಿಸುತ್ತಿದ್ದೇನೆ ಅಂದುಕೊಂಡಿದ್ದೆ.

ಅಕ್ಕ ಮೊದಮೊದಲು ಚೇಷ್ಟೆ ಮಾಡಿದಳು. "ಎತ್ತು ಕಣಕಿ ಮೇದಂಗ ಮೇಯಾಕತ್ತೇನಿ ನೋಡೋ ತಮ್ಮಾ, ಒಂದು ಗಂಟಿನೂ ಕಟ್ಟಿಬಿಡು ಕೊರಳಿಗೆ" ಅಂದಳು. ಆಮೇಲೆ ಚೇಷ್ಟೆಯೂ ನಿಂತಿತು. ಅರ್ಧ ರೊಟ್ಟಿ ಬಿಟ್ಟು ಏಳುವಳು. ಅಡುಗೆಮನೆಗೆ ಹೋಗುವುದನ್ನೇ ಕಡಿಮೆ ಮಾಡಿದಳು. ಯಾರಾದರೂ ಎಣ್ಣೆಗಾಯಿ ಹೇಗೆ ಮಾಡುವುದೆಂದು ಕೇಳಿದರೆ "ಮರ್ತೇನಿ" ಅನ್ನುವಳು. ಕಾಲಿನ ಬಾವು ಇಳಿದಿತ್ತು. ಆದರೆ ನಮ್ಮ ಅಕ್ಕ ಮನೆಯಲ್ಲಿ ಇದ್ದೂ ಇಲ್ಲದಂತಾಗಿದ್ದಳು. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ನಮ್ಮ ಮಾಸ್ತರರ ವಾಟ್ಸ್ಯಾಪ್ ಗುಂಪಿಗೆ ಒಂದು ಸಂದೇಶ ಬಂತು. ಸೈಂಧವ ಉಪ್ಪಿನಿಂದ ಹೃದಯಕ್ಕೆ ತೊಂದರೆ ಇಲ್ಲ, ಎಷ್ಟು ತಿಂದರೂ ನಡೆಯುತ್ತದೆ ಅಂತ ಅದರಲ್ಲಿ ಬರೆದಿತ್ತು. ಯಾರು ಬರೆದದ್ದೋ, ಎಲ್ಲಿಂದ ಬಂದದ್ದೋ. ಬೇರೆ ಏನಾದರೂ ಆಗಿದ್ದರೆ ನಾನೇ ಗುಂಪಿನಲ್ಲಿ ಬೈದು ಹಾಕುತ್ತಿದ್ದೆ. ಇದನ್ನು ನಂಬಿಬಿಟ್ಟೆ. ಯಾಕೆ ನಂಬಿದೆ ಅನ್ನುವುದಕ್ಕೆ ಕಾರಣವಿದೆ.

ಭಾವನವರು ಪಂಢರಪುರದ ವಾರಿ ಯಾತ್ರೆಗೆ ನಡೆದು ಹೋಗುತ್ತಿದ್ದವರು. ಮನೆಯಲ್ಲಿ ಏಕಾದಶಿ ತಪ್ಪುತ್ತಿರಲಿಲ್ಲ. ಆ ದಿನ ರೊಟ್ಟಿ, ಅನ್ನ ಇಲ್ಲ. ಸಾಬೂದಾನಿ ಖಿಚಡಿ, ಆಲೂಗಡ್ಡೆ, ಶೇಂಗಾ. ಅದಕ್ಕೆ ಸಾದಾ ಉಪ್ಪು ಹಾಕಿದರೆ ಉಪವಾಸ ಕೆಡುತ್ತದೆ, ಸೈಂಧವ ಹಾಕಿದರೆ ಕೆಡುವುದಿಲ್ಲ. ಅದಕ್ಕೆ ಉಪವಾಸದ ಉಪ್ಪು ಅಂತಲೇ ಹೆಸರು. ಹೀಗಾಗಿ ಅದು ಉಪ್ಪಿನ ಲೆಕ್ಕಕ್ಕೆ ಬರುವುದಿಲ್ಲ ಅನ್ನುವುದು ಜೋಳದ ಚೀಲದ ಮೇಲೆ ಕೂತಿದ್ದಾಗಲೇ ನನ್ನ ತಲೆಯಲ್ಲಿ ಇಳಿದಿತ್ತು. ಪ್ರತಿ ವರ್ಷ ಕರಿಹಲಗೆಯ ಮೇಲೆ ಸೋಡಿಯಂ ಕ್ಲೋರೈಡ್ ಅಂತ ಬರೆದು, ಅದರ ಹರಳಿನ ಚಿತ್ರ ಬಿಡಿಸಿ, ಮಕ್ಕಳಿಂದ ಬಾಯಿಪಾಠ ಮಾಡಿಸುವವನು ನಾನು. ಆ ಪಾಠ ಸಾಲೆಯ ಗೇಟಿನ ಹೊರಗೆ ಬರಲಿಲ್ಲ ನೋಡಿ. ದೇವರಿಗೆ ನಡೆಯುವುದು ಹೃದಯಕ್ಕೆ ಯಾಕೆ ನಡೆಯಬಾರದು ಅಂತ ಮನಸ್ಸು ಒಪ್ಪಿಕೊಂಡುಬಿಟ್ಟಿತು.

ಅವತ್ತೇ ಇಳಕಲ್ ಪೇಟೆಯಲ್ಲಿ ಎರಡು ಕಿಲೋ ಕೊಂಡೆ. ಮನೆಗೆ ಬಂದವನೇ ಚಪ್ಪಲಿ ಕೂಡ ಬಿಡದೆ ಅಡುಗೆಮನೆಗೆ ನುಗ್ಗಿ ಚೀಲವನ್ನು ಅಕ್ಕನ ಕಡೆ ಚಾಚಿದೆ.

"ಹಿಡಿ ಅಕ್ಕಾ, ಇನ್ನ ಬೇಕಾದಷ್ಟು ತಿನ್ನು."

"ಕೆಳಗಿಡೋ. ಉಪ್ಪು ಕೈಯಾಗ ಕೊಡ್ತಾರೇನು" ಅಂದಳು ಅಕ್ಕ. ಕಟ್ಟೆಯ ಮೇಲೆ ಇಟ್ಟೆ. ಅವಳು ಎತ್ತಿಕೊಂಡಳು.

ನನ್ನ ಹೆಂಡತಿ ಕಾಯಿಪಲ್ಲೆ ಹೆಚ್ಚುತ್ತಿದ್ದಳು. ತಲೆ ಎತ್ತಿ, "ಅದೂ ಉಪ್ಪಽ ಅಲ್ಲೇನ್ರಿ?" ಅಂದಳು.

"ವಿಜ್ಞಾನ ಕಲಸಾಂವ ನಾನೋ ನೀನೋ?" ಅಂದೆ. ಅವಳು ಮತ್ತೆ ಹೆಚ್ಚತೊಡಗಿದಳು.

ಅಕ್ಕ ಚೀಲ ಬಿಚ್ಚಿ ಒಂದು ಹರಳನ್ನು ನಾಲಗೆಯ ಮೇಲೆ ಇಟ್ಟುಕೊಂಡಳು. ಅಡುಗೆಯಲ್ಲಿ ಎಂದೂ ರುಚಿ ನೋಡದವಳು ಅವತ್ತು ನೋಡಿದಳು. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು. ಆಮೇಲೆ "ಛಲೋ ಐತಿ" ಅಂದಳು.

ಮನೆಗೆ ಜೀವ ಬಂತು. ಅಕ್ಕ ಮತ್ತೆ ಒಲೆಯ ಮುಂದೆ ನಿಂತಳು. ಎಣ್ಣೆಗಾಯಿ, ಜುಣಕ, ಹಿಂಡಿ ಪಲ್ಯ ಎಲ್ಲ ತಿರುಗಿ ಬಂದವು. ಸಾಲೆಯಲ್ಲಿ ನನ್ನ ಡಬ್ಬಿ ತೆಗೆದರೆ ನಾಲ್ಕು ಜನ ಮಾಸ್ತರರು ಸುತ್ತ ನೆರೆಯುತ್ತಿದ್ದರು. ಅಕ್ಕನ ಉಪ್ಪಿನ ಸಮಸ್ಯೆಯನ್ನು ನಾನು ಹೇಗೆ ಬಗೆಹರಿಸಿದೆ ಅಂತ ಅವರಿಗೆಲ್ಲ ಕೊಚ್ಚಿಕೊಂಡೆ. ಉಪವಾಸದ ಉಪ್ಪು ಲೆಕ್ಕಕ್ಕಿಲ್ಲ ಅಂದ ಮೇಲೆ ಕೈಗೆ ಹಿಡಿತ ಯಾಕೆ? ಎರಡು ಕಿಲೋ ಮುಗಿದವು, ಇನ್ನೆರಡು ತಂದೆ.

ಕೆಲವು ತಿಂಗಳಲ್ಲಿ ಕಾಲು ಮತ್ತೆ ಬಾತವು. ನನ್ನ ತಲೆಗೆ ಹೊಳೆದದ್ದು ಒಂದೇ. ಅಕ್ಕ ಕದ್ದು ಸಾದಾ ಉಪ್ಪು ತಿನ್ನುತ್ತಿದ್ದಾಳೆ. ಅವಳ ಮುಂದೆಯೇ ಅವಳ ಟ್ರಂಕು ತೆಗೆದು ಸೀರೆಗಳ ಮಡಿಕೆಯಲ್ಲಿ ಉಪ್ಪಿನಕಾಯಿ ಶೀಸೆ ಹುಡುಕಿದೆ. ಭಾವನವರ ತುಳಸಿಮಾಲೆ ಸಿಕ್ಕಿತು, ನನ್ನ ಹಳೆಯ ಮಾರ್ಕ್ಸ್ ಕಾರ್ಡುಗಳು ಸಿಕ್ಕವು, ಶೀಸೆ ಸಿಗಲಿಲ್ಲ. "ಪಕ್ಕದ ಮನ್ಯಾಗ ಹೋಗಿ ತಿಂತಿರಬೇಕು ನೀ" ಅಂತ ಕೂಗಾಡಿದೆ. ಅಕ್ಕ ಸೀರೆಗಳನ್ನು ಒಂದೊಂದೇ ಮಡಚಿ ಒಳಗಿಟ್ಟಳು.

ಒಂದು ಮುಂಜಾನೆ ಎದ್ದು ನೋಡಿದರೆ ಅಕ್ಕ ಗೋಡೆಗೆ ಮೂರು ತಲೆದಿಂಬು ಒಟ್ಟಿಕೊಂಡು ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತದೆ ಅಂದಳು. ಅದನ್ನು ಹೇಳುವುದರೊಳಗೆ ಎರಡು ಸಲ ನಿಂತಳು. ಬಾಡಿಗೆ ಕಾರು ಮಾಡಿಕೊಂಡು ಹೊರಟೆವು. ಹುನಗುಂದ ದಾಟುವವರೆಗೆ ಅವಳು ಕಿಟಕಿಯ ಗಾಳಿಗೆ ಬಾಯಿ ತೆರೆದುಕೊಂಡೇ ಇದ್ದಳು. ಅಮೀನಗಡದಲ್ಲಿ ಕರದಂಟಿನ ಮಿಠಾಯಿ ಅಂಗಡಿ ಕಂಡಾಗ ನನ್ನ ತೊಡೆ ತಟ್ಟಿ, "ಅದರಾಗ... ಉಪ್ಪಿಲ್ಲಲ್ಲೋ... ತಮ್ಮಾ" ಅಂದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾನು ಕಲಿಸುವ ಸಾಲೆ ಕಮತಗಿಯಲ್ಲಿ; ಅಲ್ಲಿ ನಮ್ಮ ಮಕ್ಕಳು ಸೈಕಲ್ ಮೇಲೆ ಹೋಗುತ್ತಿದ್ದರು. ಒಬ್ಬ ಹುಡುಗಿ ಕೈಯೆತ್ತಿ ನಮಸ್ಕಾರ ಮಾಡಿದಳು. ನಾನು ನೋಡದವನಂತೆ ಕೂತೆ.

ದವಾಖಾನೆಯಲ್ಲಿ ತೀವ್ರ ನಿಗಾದ ವಾರ್ಡಿಗೆ ಸೇರಿಸಿಕೊಂಡರು. ಮೂಗಿಗೆ ಆಮ್ಲಜನಕ, ಕೈಗೆ ಸೂಜಿ, ಮೂತ್ರಕ್ಕೆ ಒಂದು ಚೀಲ. ಮೈಯಲ್ಲಿ ನಿಂತ ನೀರನ್ನು ಮೂತ್ರದ ದಾರಿಯಿಂದ ಇಳಿಸುವ ಇಂಜೆಕ್ಷನ್ ಶುರು ಮಾಡಿದರು. ಡಾಕ್ಟರು ಅಕ್ಕನ ಕಾಲನ್ನು ಬೆರಳಿನಿಂದ ಒತ್ತಿದರೆ ಕುಣಿ ಬೀಳುತ್ತಿತ್ತು. ನನ್ನ ಕಡೆ ತಿರುಗಿ ಕೇಳಿದರು.

"ಮಾಸ್ತರ್ರ, ಖರೆ ಹೇಳ್ರಿ. ಉಪ್ಪು ಎಷ್ಟು ತಿಂತಾರ?"

"ಒಂದು ಹರಳೂ ಇಲ್ರಿ ಮೇಡಂ. ನಾನಽ ಮುಂದ ನಿಂತು ನೋಡ್ಕೋತೇನಿ" ಅಂದೆ.

ಸುಳ್ಳು ಹೇಳುತ್ತಿದ್ದೇನೆ ಅಂತ ನನಗೆ ಗೊತ್ತೇ ಇರಲಿಲ್ಲ. ಅಕ್ಕ ಕಣ್ಣು ಮುಚ್ಚಿಕೊಂಡಳು. ಸುಸ್ತಾಗಿ ಮುಚ್ಚಿಕೊಂಡಳು ಅಂದುಕೊಂಡೆ.

ಎರಡು ದಿನ ಇಂಜೆಕ್ಷನ್ ಏರಿಸುತ್ತ ಹೋದರು. ಚೀಲದಲ್ಲಿ ಮೂತ್ರ ಮಾತ್ರ ತಳ ಬಿಟ್ಟು ಮೇಲೆ ಬರಲಿಲ್ಲ. ಮೂರನೆಯ ದಿನ ಹನ್ನೊಂದರ ಸುಮಾರಿಗೆ ಡಾಕ್ಟರು ನನ್ನನ್ನು ಹೊರಗೆ ಕರೆದರು.

"ಉಪ್ಪು ತಿಂದು ನೀರು ತುಂಬಿದ್ರ ಅದಕ್ಕ ದಾರಿ ಇರ್ತದ್ರಿ. ಉಪ್ಪು ಬಿಡಸ್ತೇವಿ, ಗುಳಿಗಿ ಕೊಡ್ತೇವಿ, ಸುಧಾರಸ್ತಾರ. ಆದ್ರ ಒಂದು ಹರಳೂ ತಿನ್ನದಽ ಇಷ್ಟು ತುಂಬೇತಿ ಅಂದ್ರ ಹೃದಯನಽ ಭಾಳ ಸೋತೈತಿ ಅಂತ ತಿಳೀಬೇಕು. ಇವತ್ತ ನೀರು ಇಳಿದ್ರೂ ನಾಳೆ ಮತ್ತ ತುಂಬತದ. ನೋಡೋರು ಯಾರರ ಇದ್ರ ಬರಾಕ ಹೇಳ್ರಿ."

ಇನ್ನೊಂದು ಪ್ರಯತ್ನ ಇದೆ ಅಂತ ಅವರೇ ಮುಂದುವರಿಸಿದರು. ಇಂಜೆಕ್ಷನ್ ಜೊತೆಗೆ ಗಟ್ಟಿ ಉಪ್ಪುನೀರನ್ನು, ಮಾಮೂಲಿ ಸಲೈನಿಗಿಂತ ಎಷ್ಟೋ ಪಟ್ಟು ಉಪ್ಪಿರುವುದನ್ನು, ಸ್ವಲ್ಪೇ ಸ್ವಲ್ಪ ರಕ್ತನಾಳಕ್ಕೆ ಬಿಡುವುದು.

"ಉಪ್ಪಾ?" ಅಂದೆ. ನನ್ನ ದನಿ ಏರಿತು. "ಎರಡು ವರ್ಷ ಅಕೀ ಬಾಯಿಗೆ ಕೀಲಿ ಹಾಕೇನ್ರಿ ನಾ. ನೀವಽ ಹಾಕ್ಸಿದ್ರಿ. ಈಗ ನೀವಽ ಉಪ್ಪು ಹಾಕ್ತೇನಿ ಅಂತೀರಿ. ಏನು ಆಟ ಹಚ್ಚೀರೇನ್ರಿ?"

ಹಾದಿಯಲ್ಲಿ ಹೋಗುತ್ತಿದ್ದ ನರ್ಸ್ ನಿಂತು ನೋಡಿದಳು. ಡಾಕ್ಟರು ಸಿಟ್ಟಾಗಲಿಲ್ಲ.

"ನಿಮಗ ತಿಳೀತದ್ರಿ, ನೀವು ವಿಜ್ಞಾನ ಕಲಸ್ತೀರಿ. ರಕ್ತದಾಗ ಸೋಡಿಯಂ ಕಮ್ಮಿ ಬಂದೈತಿ. ಅಂಬಲಿಗೆ ನೀರು ಸುರಿದ್ರ ಸಪ್ಪಗಾಗ್ತದಲ್ಲ, ಹಂಗ. ಮೈ ತುಂಬ ನೀರೈತಿ, ಆದ್ರ ಅದು ರಕ್ತದಾಗಿಲ್ಲ, ಮಾಂಸದಾಗ ನಿಂತೈತಿ. ಕಿಡ್ನಿ ನನ್ನ ಇಂಜೆಕ್ಷನ್ ಮಾತು ಕೇಳವಲ್ದು. ಗಟ್ಟಿ ಉಪ್ಪುನೀರು ಹೋದ್ರ ಮಾಂಸದಾಗಿನ ನೀರನ್ನ ರಕ್ತಕ್ಕ ಎಳೀತದ, ಕಿಡ್ನಿಗೂ ಎಚ್ಚರಾಗ್ತದ. ಇದನ್ನ ಎಲ್ಲಾ ಡಾಕ್ಟರೂ ಒಪ್ಪೂದಿಲ್ಲ. ಕೆಲವರಿಗೆ ಕೆಲಸ ಮಾಡ್ತದ, ಕೆಲವರಿಗೆ ಮಾಡೂದಿಲ್ಲ. ಮ್ಯಾಲಿಂದ ಮ್ಯಾಲ ರಕ್ತ ನೋಡ್ಕೋತ, ಹಗೂರಕ ಕೊಡಬೇಕು. ನೀವು ಸಹಿ ಮಾಡಿದ್ರ ಮಾತ್ರ."

ಒಂಬತ್ತನೆಯ ತರಗತಿಯಲ್ಲಿ ಆಲೂಗಡ್ಡೆಯನ್ನು ಉಪ್ಪುನೀರಿನಲ್ಲಿಟ್ಟು, ಅದು ನೀರು ಬಿಟ್ಟು ಮೆತ್ತಗಾಗುವುದನ್ನು ನಾನೇ ತೋರಿಸುತ್ತೇನೆ. ತಿಳಿಯದೆ ಏನು? ಸಹಿ ಮಾಡಿದೆ. ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತು ಅತ್ತೆ. ಆ ಹೊತ್ತಿಗೆ ಇಳಕಲ್ಲಿನಿಂದ ಬುತ್ತಿ ತೆಗೆದುಕೊಂಡು ಬಂದ ನನ್ನ ಹೆಂಡತಿ ನನ್ನನ್ನು ನೋಡಿ ಸೆರಗಿನಿಂದ ನನ್ನ ಮುಖ ಒರೆಸಿದಳು. ಇಬ್ಬರೂ ಒಳಗೆ ಹೋದೆವು.

ಡಾಕ್ಟರು ಅಕ್ಕನ ಹಾಸಿಗೆಯ ಪಕ್ಕದಲ್ಲಿ ನಿಂತು, "ಅಮ್ಮಾ, ಇವತ್ತ ನಿಮಗ ರಕ್ತದಾಗ ಸ್ವಲ್ಪ ಉಪ್ಪಿನ ನೀರು ಬಿಡ್ತೇವಿ" ಅಂತ ಹೇಳುತ್ತಿದ್ದರು. ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ಡಾಕ್ಟರ ಕಡೆ ತಿರುಗಿದಳು.

"ಅದು ಯಾವ ಉಪ್ಪುರೀ? ಇವತ್ತ ಏಕಾದಶಿ. ಸಾದಾ ಉಪ್ಪು ನಾ ಮುಟ್ಟಂಗಿಲ್ಲ. ಉಪವಾಸದ ಉಪ್ಪಾದ್ರ ಹಚ್ರಿ."

ಡಾಕ್ಟರು ನಕ್ಕರು. ನಗುತ್ತಲೇ ಒಮ್ಮೆಲೆ ನಿಂತರು.

"ಉಪವಾಸದ ಉಪ್ಪು ಮನ್ಯಾಗ ತಿಂತೀರೇನ್ರಿ ಅಮ್ಮಾ?"

"ದಿನಾ ತಿಂತೇನಿ."

"ಎಷ್ಟು?"

"ಹಿಂದಕ ಖಾನಾವಳ್ಯಾಗ ಹಾಕಿದಂಗಽ ಹಾಕ್ತೇನಿ."

ಡಾಕ್ಟರು ನನ್ನ ಕಡೆ ತಿರುಗುವ ಮೊದಲೇ ಅಕ್ಕ ಮಾತು ಮುಂದುವರಿಸಿದಳು.

"ಅವಗೇನೂ ಗೊತ್ತಿಲ್ರಿ. ನಾನಽ ತರಿಸಿಕೊಂಡು ತಿಂದೇನಿ. ಅವ ಸಾಲಿಗೆ ಹೋಗಿರ್ತಾನ."

ನಾನು ಆರನೆಯ ತರಗತಿಯಲ್ಲಿದ್ದಾಗ ಖಾನಾವಳಿಯ ಗಾಜಿನ ಭರಣಿ ಒಡೆದಿದ್ದೆ. ಆಗಲೂ ಭಾವನವರ ಮುಂದೆ ಅಕ್ಕ ಹೀಗೇ ಹೇಳಿದ್ದಳು. ಆಗ ನಾನು ಅವಳ ಬೆನ್ನ ಹಿಂದೆ ಸುಮ್ಮನೆ ನಿಂತಿದ್ದೆ. ಈಗಲೂ ನಿಂತೆ. ತಲೆ ಕೂದಲು ನೆರೆತಿದೆ, ಊರಿನಲ್ಲಿ ಮರ್ಯಾದೆ ಇದೆ, ಆದರೂ ಬಾಯಿ ತೆರೆಯಲಿಲ್ಲ. ಹೆಂಡತಿ ನನ್ನನ್ನು ನೋಡಿದಳು. "ನಾ ಅವತ್ತಽ ಹೇಳಿದ್ದೆ" ಅಂತ ಅವಳ ಕಣ್ಣು ಹೇಳಿದ್ದರೆ ನಾನು ಸುಮ್ಮನೇ ಇದ್ದುಬಿಡುತ್ತಿದ್ದೆನೋ ಏನೋ. ಅವಳ ಕಣ್ಣಲ್ಲಿ ಬರೀ ಮರುಕವಿತ್ತು. ಅದನ್ನು ತಡೆದುಕೊಳ್ಳಲು ಆಗಲಿಲ್ಲ.

"ಇಲ್ರಿ ಮೇಡಂ. ನಾನಽ ತಂದುಕೊಟ್ಟಿದ್ದು. ಅದು ಲೆಕ್ಕಕ್ಕ ಬರೂದಿಲ್ಲ ಅಂತ ತಿಳಕೊಂಡಿದ್ದೆ. ಮನ್ಯಾಗಿನವರು ಕೇಳಿದ್ರ ಅವರ ಬಾಯಿನೂ ಮುಚ್ಚಿಸಿದೆ."

ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. ನನ್ನನ್ನು ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು.

"ಮಾಸ್ತರ್ರ, ಇದನ್ನ ಮಾಡಿದವರು ನೀವೊಬ್ಬರಽ ಅಲ್ಲ. ನಮ್ಮ ಅವ್ವಗ ಇದನ್ನ ತಿಳಿಸಿ ಹೇಳಾಕ ನನಗಽ ಸಾಕುಸಾಕಾಗಿತ್ತು. ಎರಡೂ ಉಪ್ಪಿನಾಗ ಇರೂದು ಅದಽ ಸೋಡಿಯಂ. ಈಗ ಔಷಧ ಬದಲಾಗೂದಿಲ್ಲ. ಆದ್ರ ಹೊರಗ ನಿಮಗೊಂದು ಮಾತು ಹೇಳಿದ್ನಲ್ಲ, ಅದನ್ನ ವಾಪಸ್ ತಗೋತೇನಿ. ನೀರು ಯಾಕ ತುಂಬೇತಿ ಅಂತ ಈಗ ತಿಳೀತು. ಇದಕ್ಕ ದಾರಿ ಐತಿ."

ಆಮೇಲೆ ಅಕ್ಕನ ಕೈ ಹಿಡಿದು, "ಅಮ್ಮಾ, ಇದು ನಾಲಗಿಗೆ ಮುಟ್ಟೂದಿಲ್ಲ. ಉಪವಾಸ ಕೆಡೂದಿಲ್ಲ" ಅಂದರು.

"ನಾಲಗಿ ಮುಟ್ಟಲಿಲ್ಲಂದ್ರ ನಡೀತದ" ಅಂದಳು ಅಕ್ಕ.

ಸಣ್ಣ ಬಾಟಲಿ. ಅರ್ಧ ತಾಸಿನಲ್ಲಿ ಮುಗಿಯಿತು. ಜೊತೆಗೆ ಇಂಜೆಕ್ಷನ್ ಕೊಟ್ಟರು. ನನಗೆ ಕೂಡಲು ಆಗಲಿಲ್ಲ, ಹಾಸಿಗೆಯ ಪಕ್ಕ ಬಗ್ಗಿ ಮೂತ್ರದ ಚೀಲದ ಗೆರೆಗಳನ್ನೇ ನೋಡುತ್ತಿದ್ದೆ. ಪ್ರಯೋಗಶಾಲೆಯಲ್ಲಿ ಅಳತೆಯ ಜಾಡಿ ಹಿಡಿದು ಮಕ್ಕಳಿಗೆ ಕಣ್ಣನ್ನು ಮಟ್ಟಕ್ಕೆ ತಂದು ಓದಿರಿ ಅನ್ನುವವನು ಅವತ್ತು ನಾನೇ ನೆಲಕ್ಕೆ ಕೂತು ಕಣ್ಣನ್ನು ಮಟ್ಟಕ್ಕೆ ತಂದೆ. ಊಟದ ಹೊತ್ತಿಗೆ ಒಂದು ಗೆರೆ ದಾಟಿತು. ನಾಲ್ಕು ಗಂಟೆಗೆ ನರ್ಸ್ ಬಂದು ಚೀಲ ತುಂಬಿದೆ ಅಂತ ಬದಲಿಸಿದಳು. ಮೂತ್ರ ನೋಡಿ ಇಷ್ಟು ಸಂತೋಷಪಟ್ಟ ಮನುಷ್ಯ ಬಾಗಲಕೋಟೆಯಲ್ಲಿ ಅವತ್ತು ಇನ್ನೊಬ್ಬನಿರಲಿಲ್ಲ.

ರಕ್ತ ಪರೀಕ್ಷೆ ಮಾಡುತ್ತ ಇನ್ನೂ ಕೆಲವು ಸಲ ಕೊಟ್ಟರು. ದಿನಾ ಮುಂಜಾನೆ ತೂಕ ಇಳಿಯುತ್ತ ಬಂತು. ಕಾಲಿನ ಮೇಲೆ ಒತ್ತಿದರೆ ಕುಣಿ ಬೀಳುವುದು ನಿಂತಿತು. ಅಕ್ಕ ಡಾಕ್ಟರಿಗೆ ಹೇಳಿದಳು, "ನೀವು ಮಾಡಿದ್ದು ನನಗ ತಿಳೀತ್ರಿ. ಮಾವಿನಕಾಯಿ ಹೋಳಿಗೆ ಉಪ್ಪು ಹಚ್ಚಿಟ್ರ ತಾನಽ ನೀರು ಬಿಡ್ತದ. ಉಪ್ಪಿನಕಾಯಿ ಹಾಕಿದ್ರಿ ನನ್ನ." ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ನಮ್ಮ ಸಂಬಂಧಿಕನೊಬ್ಬ ನೋಡಲು ಬಂದವನು ವಿಷಯ ಕೇಳಿ, "ಅಂದ್ರ ಮೈಯಾಗ ಉಪ್ಪು ಕಮ್ಮಿ ಆಗಿತ್ತು, ಇನ್ನ ಛಲೋ ಹಂಗ ಉಪ್ಪು ಹಾಕಿ ಉಣಸ್ರಿ" ಅಂದ. ದವಾಖಾನೆ ಅನ್ನುವುದನ್ನೂ ಮರೆತು ಅವನ ಮೇಲೆ ಏರಿಹೋದೆ. ಇಲ್ಲಿ ಅಳೆದು, ರಕ್ತ ನೋಡಿ, ನರಕ್ಕೆ ಬಿಡುವುದು ಬೇರೆ. ತಾಟಿನಲ್ಲಿ ಬಡಿಸಿಕೊಳ್ಳುವುದು ಬೇರೆ. ಇಷ್ಟು ಸಣ್ಣ ಮಾತು ತಿಳಿಯುವುದಿಲ್ಲವೇ ಅಂತ ಕೂಗಿದೆ. ಕೂಗಿದ ಮೇಲೆ ನನಗೇ ನಗು ಬಂತು. ತಿಳಿಯದವರಲ್ಲಿ ಮೊದಲನೆಯವನು ನಾನೇ ಆಗಿದ್ದೆನಲ್ಲ.

ಅಕ್ಕ ಒಂದೇ ದಿಂಬಿನ ಮೇಲೆ ಮಲಗಿ ನಿದ್ದೆ ಮಾಡಿದ ಮರುದಿನ, ನನ್ನ ಹೆಂಡತಿ ಮನೆಯ ಕ್ಯಾಲೆಂಡರ್ ನೋಡಿ ಫೋನು ಮಾಡಿದಳು. ಉಪ್ಪುನೀರು ಬಿಟ್ಟ ದಿನ ಏಕಾದಶಿ ಇರಲಿಲ್ಲ. ಏಕಾದಶಿ ಹೋಗಿ ಐದು ದಿನವಾಗಿತ್ತು. ಅಕ್ಕ ಜನ್ಮದಲ್ಲಿ ಒಂದು ಏಕಾದಶಿ ತಪ್ಪಿಸಿದವಳಲ್ಲ, ಒಂದು ತಿಥಿ ಮರೆತವಳಲ್ಲ. ಮಧ್ಯಾಹ್ನ ಅವಳಿಗೆ ಸಪ್ಪೆ ಗಂಜಿ ಕುಡಿಸುತ್ತ ಕೇಳಿದೆ.

"ಅವತ್ತ ಏಕಾದಶಿ ಇರಲಿಲ್ಲಲ್ಲ ಅಕ್ಕಾ?"

"ಇರಲಿಲ್ಲ."

"ಮತ್ತ ಯಾಕ ಹಂಗಂದಿ?"

ಅಕ್ಕ ಗಂಜಿ ನುಂಗಿ ಬಾಯಿ ಒರೆಸಿಕೊಂಡಳು.

"ನೀ ಡಾಕ್ಟರಿಗೆ ಒಂದು ಹರಳೂ ಇಲ್ಲ ಅಂದಿದ್ದಿ. ನನ್ನ ತಮ್ಮ ಸುಳ್ಳು ಹೇಳ್ಯಾನ ಅಂತ ಮಂದಿ ಮುಂದ ನಾ ಹೆಂಗ ಹೇಳ್ಲಿ? ಹೊರಗ ಹೋಗಿ ಒಳಗ ಬಂದಿ, ನಿನ್ನ ಮಾರಿ ನೋಡಿದೆ. ಪಿಯುಸಿ ನಾಪಾಸ ಆದಾಗ ಹಂಗಽ ಇತ್ತು ನಿನ್ನ ಮಾರಿ. ನಾ ಉಳ್ಯಂಗಿಲ್ಲ ಅಂದಾರ ಅಂತ ತಿಳೀತು. ನನಗ ಇನ್ನಾ ಸಾಯೂ ಮನಸ್ಸಿಲ್ಲೋ ತಮ್ಮಾ. ಅದಕ್ಕ ಏಕಾದಶಿ ನೆವ ಮಾಡಿದೆ."

ಅಂದರೆ ಅವಳಿಗೆ ಗೊತ್ತಿತ್ತು.

"ಉಪ್ಪು ಉಪ್ಪಽ ಅಂತ ನಿನಗ ಯಾವಾಗ ತಿಳೀತು?"

"ನೀ ತಂದ ದಿನಽ. ಹರಳು ನಾಲಗಿ ಮ್ಯಾಲ ಇಟ್ಕೊಂಡ್ನಲ್ಲ, ಆಗ. ಮೂವತ್ತು ವರ್ಷ ಖಾನಾವಳಿ ನಡೆಸೇನಿ, ನನಗ ಉಪ್ಪು ತಿಳ್ಯಂಗಿಲ್ಲೇನು? ಆದ್ರ ನೀ ಚಪ್ಪಲಿನೂ ಬಿಡದ ಓಡಿ ಬಂದಿದ್ದಿ. ಎಷ್ಟು ಖುಷಿಲೆ ತಂದಿದ್ದಿ. ಬ್ಯಾಡ ಅನ್ನಾಕ ಮನಸ್ಸಾಗಲಿಲ್ಲ. ನನಗೂ ತಿನ್ನಬೇಕಂತ ಆಸೆ ಇತ್ತು, ಅದೂ ಖರೆ."

"ಟ್ರಂಕು ಹುಡುಕಿದಾಗರ ಹೇಳಬೇಕಿಲ್ಲೇನು? ಕಳ್ಳಿ ಅಂದಂಗ ಅಂದೆನಲ್ಲ ನಾ."

"ಹೇಳಿದ್ರ ನೀ ಸಣ್ಣಾಂವ ಆಗ್ತಿದ್ದಿ" ಅಂದಳು. "ಗಂಜಿ ಆರಾಕತ್ತೈತಿ, ಕುಡಿಸು."

ಕುಡಿಸಿದೆ. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಎರಡೂ ಕೈ ಖಾಲಿ ಇರಲಿಲ್ಲ. ನನ್ನ ಸಂತೋಷ ಕೆಡಬಾರದು ಅಂತ ಈ ಹೆಣ್ಣುಮಗಳು ತಿಂಗಳುಗಟ್ಟಲೆ ತನ್ನ ಹೃದಯಕ್ಕೆ ನೀರು ತುಂಬಿಸಿಕೊಂಡಿದ್ದಳು. ಅವಳನ್ನು ಪ್ರೀತಿಸುತ್ತೇನೆ ಅಂದುಕೊಂಡು ನಾನು ಮಾಡಿದ್ದು ಎರಡೇ ಕೆಲಸ. ಒಂದು ಕೀಲಿ ಹಾಕುವುದು, ಇನ್ನೊಂದು ಕೂಗಾಡುವುದು. ಅವಳಿಂದ ಒಂದು ಮಾತು ತಿರುಗಿ ಬರಲು ನಾನು ಎಂದೂ ಜಾಗ ಬಿಟ್ಟಿರಲಿಲ್ಲ.

ಹನ್ನೆರಡನೆಯ ದಿನ ಮನೆಗೆ ಕರೆತಂದೆವು. ಡಾಕ್ಟರು ಮತ್ತೆ ಅದೇ ಎರಡು ಮಾತು ಹೇಳಿದರು. ಮೂರನೆಯದನ್ನು ನನಗೊಬ್ಬನಿಗೇ ಹೇಳಿದರು. "ದಿನಾ ತೂಕ ನೋಡ್ರಿ, ಮತ್ತ ಅಮ್ಮಾರ ಮಾತು ಕೇಳ್ರಿ." ಬರುವಾಗ ಅಮೀನಗಡದಲ್ಲಿ ಕಾರು ನಿಲ್ಲಿಸಿ ಕರದಂಟು ಕೊಂಡೆ. ಒಂದು ತುಂಡು ತಿನ್ನಲು ಡಾಕ್ಟರನ್ನು ಕೇಳಿಯೇ ಬಂದಿದ್ದೆ.

ಮನೆಗೆ ಬಂದ ಅಕ್ಕ ಮೊದಲು ಅಡುಗೆಮನೆಗೆ ಹೋದಳು. ನಾನು ಹಿಂದೆಯೇ ಹೋದೆ. ಮೂಲೆಯ ಡಬ್ಬಿಯ ಹಿಂದಿನಿಂದ ಉಪವಾಸದ ಉಪ್ಪಿನ ಚೀಲವನ್ನು ಎಳೆದಳು. ಇನ್ನೂ ಒಂದು ಕಿಲೋ ಉಳಿದಿತ್ತು. ಅದರ ಬಾಯಿ ಗಂಟು ಹಾಕಿ ನನ್ನ ಕಡೆ ಚಾಚಿದಳು.

"ಹಿಡಿ. ಒಯ್ದು ಹೊರಗ ಹಾಕು."

"ಕೆಳಗಿಡು ಅಕ್ಕಾ" ಅಂದೆ, ರೂಢಿಯ ಮೇಲೆ.

ಅಕ್ಕ ಕೆಳಗಿಡಲಿಲ್ಲ. ಚಾಚಿದ ಕೈಯ ಮೇಲೆ ಸೂಜಿ ಚುಚ್ಚಿದ ಕಡೆ ಇನ್ನೂ ನೀಲಿ ಇತ್ತು. ನನ್ನ ಅಂಗೈಯನ್ನು ಎಳೆದು ಬಿಡಿಸಿ, ಚೀಲವನ್ನು ಅದರ ಮೇಲೆ ಒತ್ತಿ ಇಟ್ಟಳು.

"ಕೈಯಾಗಽ ಹಿಡಿ. ಜಗಳ ಬರಲಿ ಅಂತಽ ಕೊಡಾಕತ್ತೇನಿ. ಅವತ್ತ ಜಗಳ ಆಡಿದ್ರ ಇಷ್ಟು ಆಗ್ತಿರಲಿಲ್ಲ. ಇನ್ನ ಮ್ಯಾಲ ನೀ ತಪ್ಪು ಮಾಡಿದ್ರ ನಾ ಸುಮ್ಮನಿರೂದಿಲ್ಲ."

ಉಪ್ಪು ಹಿಡಿದುಕೊಂಡು ನಿಂತೆ. ಒಳಗೆ ಬಂದ ಹೆಂಡತಿ ನಮ್ಮಿಬ್ಬರ ಕೈ ನೋಡಿ, "ಏನ್ರಿ ಅಕ್ಕಾರ, ಉಪ್ಪು ಕೈಯಾಗ ಕೊಟ್ರಿ?" ಅಂದಳು.

"ನಿನಗೂ ಅರ್ಧ ಕೊಡ್ತೇನಿ, ಬಾ" ಅಂದಳು ಅಕ್ಕ.

ಆವತ್ತಿನಿಂದ ನಮ್ಮ ಮನೆಯಲ್ಲಿ ದಿನಾ ಜಗಳ. ಮುಂಜಾನೆ ತೂಕದ ಯಂತ್ರದ ಮೇಲೆ ನಿಲ್ಲುವುದಕ್ಕೆ ಒಂದು, ನೀರು ಅಳೆಯುವುದಕ್ಕೆ ಒಂದು, ಪಲ್ಯಕ್ಕೆ ನಿಂಬೆಹಣ್ಣು ಎಷ್ಟು ಹಿಂಡಬೇಕು ಅನ್ನುವುದಕ್ಕೆ ಒಂದು. ಮೊನ್ನೆ ನಾನು ವಾಟ್ಸ್ಯಾಪಿನಲ್ಲಿ ಬಂದದ್ದೇನೋ ಓದಿ ಹೇಳಹೋದರೆ, ಅಕ್ಕ ಒಳಗಿನಿಂದಲೇ ಲಟ್ಟಣಿಗೆ ತೋರಿಸಿದಳು. ಅವಳ ದನಿ ಈಗ ಓಣಿಗೆಲ್ಲ ಕೇಳಿಸುತ್ತದೆ, ನಡುವೆ ಎಲ್ಲೂ ಉಸಿರಿಗೆಂದು ನಿಲ್ಲುವುದಿಲ್ಲ.